ಒಂದೇ ದಿನ, ಮೂರು ಸಭೆ: ಶಾಸಕರ ಸಮಯದ ಒಂದು ಚರಿತ್ರೆ



ಹಾಸನ ನಗರಕ್ಕೆ ಸಮೀಪವಿರುವ ಬೂವನಹಳ್ಳಿಯ ಹೆಸರನ್ನು ವಿಮಾನ ನಿಲ್ದಾಣದ ಯೋಜನೆಯ ಸಂಬಂಧದಲ್ಲಿ ನೀವು ಕೇಳಿರಬಹುದು. ಅಂಥ ಒಂದು ಊರಿನ ರಸ್ತೆ, ಕೆರೆ, ಶಾಲೆ ಅಥವಾ ಜಮೀನಿನ ಪ್ರಶ್ನೆ ಬೆಂಗಳೂರಿನ ವಿಧಾನಸೌಧವನ್ನು ತಲುಪಬೇಕಾದರೆ ಯಾರಾದರೊಬ್ಬರು ಅದನ್ನು ಹೊತ್ತುಕೊಂಡು ಹೋಗಬೇಕು. ಆ ಕೆಲಸ ಶಾಸಕರದು. ಆದರೆ ಅದೇ ಶಾಸಕರು ಅದೇ ದಿನ ಊರಿನಲ್ಲಿಯೂ ಇರಬೇಕೆಂದು ನಾವು ಬಯಸುತ್ತೇವೆ. ತಾಲ್ಲೂಕು ಕಚೇರಿಯ ಸಭೆಗೆ ಅವರು ಬರಬೇಕು, ನೆಂಟರ ಮನೆಯ ಮದುವೆಗೆ ಬರಬೇಕು, ಸಾವಿನ ಮನೆಗೂ ಬರಬೇಕು. ಬೆಂಗಳೂರಿಗೂ ಹಾಸನಕ್ಕೂ ನಡುವೆ ಸುಮಾರು 180 ಕಿಲೋಮೀಟರ್ ದೂರವಿದೆ. ಒಬ್ಬ ಮನುಷ್ಯನಿಗೆ ಇರುವುದಾದರೋ ದಿನಕ್ಕೆ ಇಪ್ಪತ್ತನಾಲ್ಕೇ ಗಂಟೆ.

ಚರಿತ್ರೆಯ ಪುಸ್ತಕಗಳಲ್ಲಿ ನಾವು ಶಾಸನ ಸಭೆಗಳ ಅಧಿಕಾರವನ್ನು ಕುರಿತು ಓದುತ್ತೇವೆ. ಮತದಾನದ ಹಕ್ಕು ಯಾರಿಗೆ ಯಾವಾಗ ಬಂತು, ಪ್ರಶ್ನೆ ಕೇಳುವ ಹಕ್ಕು ಯಾವಾಗ ಬಂತು ಎಂದು ಇಸವಿಗಳನ್ನು ಬಾಯಿಪಾಠ ಮಾಡುತ್ತೇವೆ. ಆದರೆ ಸಭೆ ಯಾವ ದಿನ ಸೇರಬೇಕು, ಸದಸ್ಯರು ಆ ದಿನ ಬರಬಲ್ಲರೇ ಎಂಬ ಸಾಮಾನ್ಯ ಪ್ರಶ್ನೆಯನ್ನು ನಾವು ಕೇಳುವುದು ಕಡಿಮೆ. ಈ ಪ್ರಶ್ನೆಗೂ ಒಂದು ಚರಿತ್ರೆಯಿದೆ. ಅದು ನಮ್ಮ ಮೈಸೂರು ಸೀಮೆಯಲ್ಲಿಯೇ ಆರಂಭವಾಗುತ್ತದೆ.

ದಸರೆಯ ಲೆಕ್ಕಾಚಾರ

1881ರ ಮಾರ್ಚ್ 25ರಂದು ಬ್ರಿಟಿಷರು ಮೈಸೂರು ಸಂಸ್ಥಾನವನ್ನು ಹತ್ತನೆಯ ಚಾಮರಾಜ ಒಡೆಯರಿಗೆ ಹಿಂದಿರುಗಿಸಿದರು. ಅದಕ್ಕೆ ಕೆಲವೇ ವರ್ಷಗಳ ಹಿಂದೆ, 1876ರಿಂದ 78ರವರೆಗೆ, ನಾಡು ಭೀಕರ ಕ್ಷಾಮವನ್ನು ಅನುಭವಿಸಿತ್ತು. ಖಜಾನೆ ಬರಿದಾಗಿತ್ತು. ಇಂಥ ಹೊತ್ತಿನಲ್ಲಿ ದಿವಾನ್ ಸಿ. ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಕರೆಯಲು ನಿಶ್ಚಯಿಸಿದರು. 1881ರ ಆಗಸ್ಟ್ 25ರಂದು ಆಜ್ಞೆ ಹೊರಟಿತು. ಅಕ್ಟೋಬರ್ 7ರಂದು ಮೈಸೂರಿನಲ್ಲಿ ಮೊದಲ ಸಭೆ ಸೇರಿತು. ಸಂಸ್ಥಾನದ ಎಲ್ಲ ಭಾಗಗಳಿಂದ 144 ಮಂದಿ ಜಮೀನುದಾರರು ಮತ್ತು ವರ್ತಕರು ಅದರಲ್ಲಿ ಪಾಲುಗೊಂಡರು. ಹಿಂದಿನ ವರ್ಷದ ಆಡಳಿತದ ಫಲಿತಾಂಶವನ್ನೂ ಮುಂದಿನ ವರ್ಷದ ಕಾರ್ಯಕ್ರಮವನ್ನೂ ದಿವಾನರು ಅವರ ಮುಂದೆ ಇಡುವುದು ಈ ಸಭೆಯ ಉದ್ದೇಶವಾಗಿತ್ತು.

ಈಗ ಆ ದಿನಾಂಕವನ್ನು ಗಮನಿಸಿ. ಸಭೆ ಸೇರಿದ್ದು ದಸರೆ ಮುಗಿಯುತ್ತಲೇ. ಇದು ಆಕಸ್ಮಿಕವಲ್ಲ, ಆಜ್ಞೆ ಹೊರಡಿಸುವಾಗಲೇ ಮಾಡಿದ ಏರ್ಪಾಡು. ದಸರೆಗೆ ನಾಡಿನ ಗಣ್ಯರು ಹೇಗೂ ಮೈಸೂರಿಗೆ ಬರುತ್ತಿದ್ದರು. ಉತ್ಸವಕ್ಕೆಂದು ಬಂದವರೇ ಸಭೆಗೂ ನಿಂತರೆ ಎರಡು ಪ್ರಯಾಣ ಒಂದಾಗುತ್ತಿತ್ತು.

ಇದರ ಬೆಲೆ ತಿಳಿಯಬೇಕಾದರೆ ಆ ಕಾಲದ ದಾರಿಯನ್ನು ಊಹಿಸಿಕೊಳ್ಳಬೇಕು. 1881ರ ಅಕ್ಟೋಬರಿನಲ್ಲಿ ಬೆಂಗಳೂರಿನ ರೈಲು ಇನ್ನೂ ಮೈಸೂರನ್ನು ಮುಟ್ಟಿರಲಿಲ್ಲ. ಹಾಸನ, ಹೊಳೆನರಸೀಪುರಗಳಿಗೆ ರೈಲು ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಹಾಸನದಿಂದ ಮೈಸೂರಿಗೆ ಸುಮಾರು 115 ಕಿಲೋಮೀಟರ್. ಎತ್ತಿನ ಗಾಡಿ ದಿನಕ್ಕೆ 30 ಕಿಲೋಮೀಟರ್ ನಡೆಯುತ್ತದೆ ಎಂದಿಟ್ಟುಕೊಂಡರೂ ಹೋಗುವುದಕ್ಕೆ ನಾಲ್ಕು ದಿನ, ಬರುವುದಕ್ಕೆ ನಾಲ್ಕು ದಿನ. ಹೊಳೆನರಸೀಪುರದ ಬಳಿ ಹೇಮಾವತಿಯನ್ನು ದಾಟಬೇಕು. ಹೊಲದಲ್ಲಿ ರಾಗಿ ನಿಂತಿರುವ ಕಾಲ ಅದು. ವರ್ತಕನಿಗೆ ಅಂಗಡಿ, ಜಮೀನುದಾರನಿಗೆ ಬೆಳೆ. ಎರಡನ್ನೂ ಬಿಟ್ಟು ಇಷ್ಟು ದಿನ ಹೊರಗಿರುವುದು ಸುಲಭವಲ್ಲ. ಜನರನ್ನು ತನ್ನ ಅನುಕೂಲಕ್ಕೆ ಎಳೆಯದೆ, ಜನರು ಬರುವ ಕಾಲಕ್ಕೆ ಸಭೆಯನ್ನು ಹೊಂದಿಸಿದ್ದು ರಂಗಾಚಾರ್ಲು ಅವರ ವ್ಯವಹಾರ ಜ್ಞಾನವನ್ನು ತೋರಿಸುತ್ತದೆ.

ಆದರೆ ಈ ಏರ್ಪಾಡಿನಲ್ಲಿ ಒಂದು ಮಿತಿಯೂ ಇತ್ತು. ವರ್ಷಕ್ಕೊಮ್ಮೆ ಸೇರುವ ಸಭೆ ಅಹವಾಲನ್ನು ಕೇಳಬಲ್ಲದೇ ಹೊರತು ಅದನ್ನು ಬೆನ್ನುಹತ್ತಿ ಹೋಗಲಾರದು. ಈ ದಸರೆಯಲ್ಲಿ ಹೇಳಿದ ಮಾತು ಏನಾಯಿತೆಂದು ಕೇಳಲು ಮುಂದಿನ ದಸರೆಯವರೆಗೆ ಕಾಯಬೇಕು. ಅಷ್ಟರಲ್ಲಿ ಒಂದು ಮಳೆಗಾಲ ಕಳೆದು ಕೆರೆಯ ಏರಿ ಒಡೆದಿರಲೂಬಹುದು.

ಹುಟ್ಟುಹಬ್ಬದ ಅಧಿವೇಶನ

1907ರಲ್ಲಿ ಮೈಸೂರು ಶಾಸನ ಪರಿಷತ್ತು ಸ್ಥಾಪನೆಯಾಯಿತು. ಆಗ ದಿವಾನರೂ ಅವರ ಆಡಳಿತ ಮಂಡಲಿಯೂ ಅಲ್ಲದೆ ಹತ್ತರಿಂದ ಹದಿನೈದು ಮಂದಿ ಹೆಚ್ಚುವರಿ ಸದಸ್ಯರಿರುವ ಸಣ್ಣ ಮಂಡಲಿ ಅದು. 1911ರ ಜೂನ್ ತಿಂಗಳಲ್ಲಿ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಮೈಸೂರು ಆರ್ಥಿಕ ಸಮ್ಮೇಳನ ಆರಂಭವಾಯಿತು. ಕೃಷಿ, ವಿದ್ಯಾಭ್ಯಾಸ, ಕೈಗಾರಿಕೆ ಮತ್ತು ವಾಣಿಜ್ಯ ಎಂದು ಮೂರು ವಿಷಯಗಳಿಗೆ ಅದರಲ್ಲಿ ಮೂರು ಸಮಿತಿಗಳಿದ್ದವು. ದೊಡ್ಡ ಸಭೆಯಲ್ಲಿ ಭಾಷಣ, ಸಣ್ಣ ಸಮಿತಿಯಲ್ಲಿ ಕೆಲಸ ಎಂಬ ಪದ್ಧತಿ ಹೀಗೆ ಸಂಸ್ಥಾನದಲ್ಲಿ ಬೇರೂರತೊಡಗಿತು.

ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1917ರಲ್ಲಿ, ಪ್ರಜಾಪ್ರತಿನಿಧಿ ಸಭೆಗೆ ಎರಡನೆಯ ಅಧಿವೇಶನ ದೊರೆಯಿತು. ಅದು ಸೇರುತ್ತಿದ್ದುದು ನಾಲ್ವಡಿ ಕೃಷ್ಣರಾಜ ಒಡೆಯರ ಹುಟ್ಟುಹಬ್ಬದ ಸಮಯದಲ್ಲಿ, ಜೂನ್ ತಿಂಗಳಲ್ಲಿ. ಇಲ್ಲಿಯೂ ಉತ್ಸವಕ್ಕೂ ಸಭೆಗೂ ಗಂಟು ಹಾಕಿದರು. ಆದರೆ ಈ ಬಾರಿ ಇನ್ನೊಂದು ಕಾರಣವೂ ಇತ್ತು. ಮೈಸೂರು ಸರ್ಕಾರದ ವರ್ಷ ಜುಲೈ 1ಕ್ಕೆ ಆರಂಭವಾಗಿ ಜೂನ್ 30ಕ್ಕೆ ಮುಗಿಯುತ್ತಿತ್ತು. ಆಯವ್ಯಯದ ಮೇಲೆ ಪ್ರತಿನಿಧಿಗಳ ಅಭಿಪ್ರಾಯ ಕೇಳುವುದಾದರೆ ಹೊಸ ವರ್ಷ ಹುಟ್ಟುವ ಮೊದಲೇ ಕೇಳಬೇಕು. ಹಣ ಖರ್ಚಾದ ಮೇಲೆ ಕೊಡುವ ಸಲಹೆಯಿಂದ ಏನು ಪ್ರಯೋಜನ? ಹೀಗೆ ಸಭೆಯ ತಿಂಗಳು ಹಬ್ಬದ ಪಂಚಾಂಗದಿಂದ ಹಣಕಾಸಿನ ಪಂಚಾಂಗದ ಕಡೆಗೆ ಒಂದು ಹೆಜ್ಜೆ ಇಟ್ಟಿತು.

1923ರಲ್ಲಿ ಎರಡೂ ಸಭೆಗಳಿಗೆ ಹೊಸ ಶಾಸನಗಳು ಬಂದವು. ಪ್ರಜಾಪ್ರತಿನಿಧಿ ಸಭೆಗೆ ಕಾನೂನಿನ ಆಧಾರ ದೊರೆತು ಅದರ ಸದಸ್ಯರ ಸಂಖ್ಯೆ 250 ಆಯಿತು. ಶಾಸನ ಪರಿಷತ್ತಿನ ಸದಸ್ಯರ ಸಂಖ್ಯೆ 50ಕ್ಕೆ ಏರಿತು. ತುರ್ತು ಸಂದರ್ಭ ಹೊರತು, ಯಾವುದೇ ಮಸೂದೆಯ ಮೂಲ ತತ್ವಗಳನ್ನು ಮೊದಲು ಪ್ರಜಾಪ್ರತಿನಿಧಿ ಸಭೆಯ ಮುಂದಿಟ್ಟು, ಬಳಿಕವೇ ಪರಿಷತ್ತಿಗೆ ತರಬೇಕಾಗಿತ್ತು. ಇದರ ಪರಿಣಾಮವನ್ನು ನೀವೇ ಯೋಚಿಸಿ. ಜೂನ್ ಅಧಿವೇಶನಕ್ಕೆ ಸಿದ್ಧವಾಗದ ಮಸೂದೆ ದಸರೆಯವರೆಗೆ ಕಾಯಬೇಕು. ದಸರೆ ತಪ್ಪಿದರೆ ಮುಂದಿನ ಜೂನ್. ಸಭೆಯ ದಿನಾಂಕವೇ ಕಾನೂನಿನ ಗತಿಯನ್ನು ನಿರ್ಧರಿಸುತ್ತಿತ್ತು.

ಈ ತೊಡಕಿಗೆ ಪರಿಹಾರವಾಗಿ ಬಂದವು ಸ್ಥಾಯೀ ಸಮಿತಿಗಳು. 1923ರ ಸುಧಾರಣೆಯ ತರುವಾಯ ಎರಡೂ ಸಭೆಗಳ ಸದಸ್ಯರನ್ನೊಳಗೊಂಡ ಮೂರು ಸಮಿತಿಗಳು ರಚನೆಯಾದವು. ಒಂದು ಸಮಿತಿ ರೈಲ್ವೆ, ವಿದ್ಯುಚ್ಛಕ್ತಿ ಮತ್ತು ಮರಾಮತ್ತು ಇಲಾಖೆಗಳಿಗೆ. ಇನ್ನೊಂದು ಸ್ಥಳೀಯ ಸ್ವಯಮಾಡಳಿತ, ವೈದ್ಯಕೀಯ ಮತ್ತು ಆರೋಗ್ಯಕ್ಕೆ. ಮತ್ತೊಂದು ಹಣಕಾಸು ಮತ್ತು ತೆರಿಗೆಗೆ. ಇವು ಸಲಹೆ ಕೊಡುವ ಸಮಿತಿಗಳೇ ಹೊರತು ಆಜ್ಞೆ ಮಾಡುವವಲ್ಲ. ಆದರೂ ದೊಡ್ಡ ಸಭೆ ಸೇರದ ತಿಂಗಳುಗಳಲ್ಲಿ ಜನಪ್ರತಿನಿಧಿಗಳ ಕಣ್ಣು ಆಡಳಿತದ ಮೇಲೆ ಇರುವಂತೆ ಮಾಡುವ ದಾರಿ ಅದು.

ನಾಲ್ಕು ದಿಕ್ಕಿಗೆ ನಾಲ್ಕು ದಾರಿ

ಇದು ಮೈಸೂರಿನ ಮಾತಾಯಿತು. ಏಕೀಕರಣಕ್ಕೆ ಮುಂಚೆ ಕನ್ನಡಿಗರ ಪ್ರತಿನಿಧಿಗಳು ಬೇರೆ ಬೇರೆ ದಿಕ್ಕಿಗೆ ಪ್ರಯಾಣ ಮಾಡುತ್ತಿದ್ದರು. ಧಾರವಾಡ, ಬಿಜಾಪುರದ ಸದಸ್ಯರು ಮುಂಬಯಿಗೆ ಹೋಗಬೇಕಾಗಿತ್ತು, ಮಳೆಗಾಲದ ಅಧಿವೇಶನಕ್ಕೆ ಪುಣೆಗೆ. ಮಂಗಳೂರಿನ ಸದಸ್ಯರು ಘಟ್ಟ ಹತ್ತಿ ಇಳಿದು ಮದರಾಸಿಗೆ ಹೋಗಬೇಕಾಗಿತ್ತು. ಇಂದಿಗೂ ಕಾಸರಗೋಡಿನ ಕನ್ನಡಿಗರ ಅಹವಾಲು ಹೊತ್ತ ಶಾಸಕರು 500 ಕಿಲೋಮೀಟರಿಗೂ ಹೆಚ್ಚು ದೂರದ ತಿರುವನಂತಪುರಕ್ಕೆ ಹೋಗುತ್ತಾರೆ. ರಾಜಧಾನಿಗೆ ಹತ್ತಿರವಿರುವ ಶಾಸಕ ಬೆಳಿಗ್ಗೆ ಸಮಿತಿಗೆ ಹೋಗಿ ಸಂಜೆ ಮನೆ ಸೇರಬಹುದು. ಗಡಿಯ ಶಾಸಕನಿಗೆ ಎರಡು ಗಂಟೆಯ ಸಮಿತಿ ಸಭೆಯೆಂದರೆ ಎರಡು ದಿನದ ಪ್ರಯಾಣ. ಪ್ರಜಾಪ್ರಭುತ್ವದಲ್ಲಿ ಎಲ್ಲರ ಮತಕ್ಕೂ ಒಂದೇ ಬೆಲೆ. ಆದರೆ ಎಲ್ಲರ ಪ್ರತಿನಿಧಿಗೂ ದಾರಿ ಒಂದೇ ಅಲ್ಲ.

1952ರ ಜೂನ್ 18ರಂದು ಸ್ವತಂತ್ರ ಭಾರತದ ಮೊದಲ ಮೈಸೂರು ವಿಧಾನಸಭೆ ಬೆಂಗಳೂರಿನ ಅಠಾರಾ ಕಚೇರಿಯಲ್ಲಿ ಸೇರಿತು. 1956ರ ಡಿಸೆಂಬರ್ 19ರಂದು ವಿಶಾಲ ಮೈಸೂರು ರಾಜ್ಯದ ವಿಧಾನಸಭೆ ಹೊಸದಾಗಿ ಕಟ್ಟಿದ ವಿಧಾನಸೌಧದಲ್ಲಿ ಸೇರಿತು. ನಾಲ್ಕು ದಿಕ್ಕಿಗೆ ಹೋಗುತ್ತಿದ್ದ ಪ್ರತಿನಿಧಿಗಳು ಒಂದೇ ಕಟ್ಟಡಕ್ಕೆ ಬಂದರು.

ಒಬ್ಬ ಶಾಸಕ, ಹಲವು ಕುರ್ಚಿ

ಈಗ ಇಂದಿನ ಸ್ಥಿತಿಗೆ ಬರೋಣ. ಕರ್ನಾಟಕ ವಿಧಾನಸಭೆಯಲ್ಲಿ ಚುನಾಯಿತ ಸದಸ್ಯರು 224. ವಿಧಾನಪರಿಷತ್ತಿನಲ್ಲಿ 75. ದೂರದರ್ಶನದಲ್ಲಿ ನೀವು ನೋಡುವುದು ಸದನದ ಕಲಾಪವನ್ನು ಮಾತ್ರ. ಅದರ ಹಿಂದೆ ಸಮಿತಿಗಳ ಒಂದು ಲೋಕವಿದೆ. ಸಾರ್ವಜನಿಕ ಲೆಕ್ಕಪತ್ರಗಳ ಸಮಿತಿ, ಅಂದಾಜುಗಳ ಸಮಿತಿ, ಸಾರ್ವಜನಿಕ ಉದ್ದಿಮೆಗಳ ಸಮಿತಿ, ಸರ್ಕಾರಿ ಭರವಸೆಗಳ ಸಮಿತಿ, ಅರ್ಜಿಗಳ ಸಮಿತಿ, ಹಕ್ಕುಬಾಧ್ಯತೆಗಳ ಸಮಿತಿ, ಅಧೀನ ಶಾಸನ ಸಮಿತಿ, ಅನುಸೂಚಿತ ಜಾತಿ ಮತ್ತು ಪಂಗಡಗಳ ಕಲ್ಯಾಣ ಸಮಿತಿ, ಹೀಗೆ ಪಟ್ಟಿ ಬೆಳೆಯುತ್ತದೆ. ಇವು ಸದನ ಸೇರದ ದಿನಗಳಲ್ಲಿಯೂ ಸೇರುತ್ತವೆ. ಅಧಿಕಾರಿಗಳನ್ನು ಕರೆಸಿ ಕಡತ ತರಿಸಿ ಪ್ರಶ್ನಿಸುತ್ತವೆ.

ಈ ಸಮಿತಿಗಳಲ್ಲಿ ಕೂಡುವವರು ಯಾರು? 2003ರ ಸಂವಿಧಾನ ತಿದ್ದುಪಡಿಯ ಪ್ರಕಾರ ಮಂತ್ರಿಮಂಡಲದ ಗಾತ್ರ ವಿಧಾನಸಭೆಯ ಸದಸ್ಯರ ಸಂಖ್ಯೆಯ ಶೇಕಡ 15ನ್ನು ಮೀರಬಾರದು. ನಮ್ಮಲ್ಲಿ ಅದು 34 ಮಂದಿ. ಸರ್ಕಾರದ ಲೆಕ್ಕವನ್ನು ಪರೀಕ್ಷಿಸುವ ಸಮಿತಿಯಲ್ಲಿ ಮಂತ್ರಿಗಳೇ ಕೂಡುವಂತಿಲ್ಲ. ಆದ್ದರಿಂದ ಈ ಕೆಲಸದ ಭಾರ ಉಳಿದ ಸುಮಾರು 190 ಮಂದಿಯ ಮೇಲೆ ಬೀಳುತ್ತದೆ. ಒಬ್ಬರಿಗೇ ಒಂದಕ್ಕಿಂತ ಹೆಚ್ಚು ಸಮಿತಿಯ ಸದಸ್ಯತ್ವ ಬರುವುದು ಸಹಜ.

ಇದಿಷ್ಟೇ ಅಲ್ಲ. 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯಿದೆಯಂತೆ ಶಾಸಕರಿಗೆ ತಾಲ್ಲೂಕು ಪಂಚಾಯತಿಯಲ್ಲಿಯೂ ಜಿಲ್ಲಾ ಪಂಚಾಯತಿಯಲ್ಲಿಯೂ ಸ್ಥಾನವಿದೆ. ತಾಲ್ಲೂಕಿನ ಕೆ.ಡಿ.ಪಿ. ಸಭೆಗೆ ಶಾಸಕರೇ ಅಧ್ಯಕ್ಷರು. ಸರ್ಕಾರಿ ಜಮೀನನ್ನು ಸಾಗುವಳಿ ಮಾಡಿದವರ ಅರ್ಜಿ ನೋಡುವ ಬಗರ್‌ಹುಕುಂ ಸಮಿತಿಗೂ ಅವರೇ ಅಧ್ಯಕ್ಷರು.

ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ಒಂದು ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ವಿಧಾನಸೌಧದಲ್ಲಿ ಭರವಸೆಗಳ ಸಮಿತಿ. ಅದೇ ಹೊತ್ತಿಗೆ ತಾಲ್ಲೂಕು ಕಚೇರಿಯಲ್ಲಿ ಬಗರ್‌ಹುಕುಂ ಸಮಿತಿ. ಹತ್ತಾರು ವರ್ಷ ಕಾದ ರೈತರು ಸಾಗುವಳಿ ಚೀಟಿ ಸಿಕ್ಕೀತೆಂದು ಕಚೇರಿಯ ಅಂಗಳದಲ್ಲಿ ಕುಳಿತಿದ್ದಾರೆ. ಮಧ್ಯಾಹ್ನ ಊರಿನ ಹಿರಿಯರೊಬ್ಬರ ಅಂತ್ಯಕ್ರಿಯೆ. ಶಾಸಕರು ಎಲ್ಲಿಗೆ ಹೋಗಬೇಕು? ಊರಿಗೆ ಹೋದರೆ ಜನ ಕಣ್ಣಾರೆ ನೋಡುತ್ತಾರೆ. ಸಮಿತಿಗೆ ಹೋದರೆ ಯಾರೂ ನೋಡುವುದಿಲ್ಲ, ಏಕೆಂದರೆ ಸಮಿತಿಯ ಸಭೆ ಮುಚ್ಚಿದ ಬಾಗಿಲಿನ ಹಿಂದೆ ನಡೆಯುತ್ತದೆ. ಮತ ಬರುವುದು ಎಲ್ಲಿಂದ ಎಂಬುದು ಅವರಿಗೆ ಗೊತ್ತು. ಸಮಿತಿಯ ಕುರ್ಚಿ ಖಾಲಿ ಉಳಿದರೆ ಆಶ್ಚರ್ಯವೇನು?

ಆದರೆ ಆ ಖಾಲಿ ಕುರ್ಚಿಗೆ ಒಂದು ಬೆಲೆಯಿದೆ. ಮಂತ್ರಿಗಳು ಸದನದಲ್ಲಿ “ಕ್ರಮ ಕೈಗೊಳ್ಳಲಾಗುವುದು” ಎಂದು ಹೇಳಿದ ಮಾತನ್ನು ಬೆನ್ನಟ್ಟುವುದು ಭರವಸೆಗಳ ಸಮಿತಿಯ ಕೆಲಸ. ಲೋಕಸಭೆಯಲ್ಲಿ ಇಂಥ ಸಮಿತಿ ಮೊದಲು ರಚನೆಯಾದದ್ದು 1953ರಲ್ಲಿ. ಅಲ್ಲಿ ಭರವಸೆಯನ್ನು ಮೂರು ತಿಂಗಳೊಳಗೆ ಈಡೇರಿಸಬೇಕೆಂಬ ನಿಯಮವಿದೆ. ಸಮಿತಿಯೇ ಸೇರದಿದ್ದರೆ ಗಡುವನ್ನು ನೆನಪಿಸುವವರು ಯಾರು? ನಿಮ್ಮ ಊರಿನ ಆಸ್ಪತ್ರೆಗೆ ವೈದ್ಯರನ್ನು ಕೊಡುತ್ತೇವೆಂದ ಮಾತು ಕಡತದಲ್ಲಿಯೇ ಮಲಗುತ್ತದೆ.

ಕೋರಂ ಮತ್ತು ರಜೆಚೀಟಿ

ಸದಸ್ಯರ ಗೈರುಹಾಜರಿಯ ಸಮಸ್ಯೆಯನ್ನು ನಿಯಮಗಳು ಮರೆತಿಲ್ಲ. ವಿಧಾನಸಭೆ ನಡೆಯಲು ಒಟ್ಟು ಸದಸ್ಯರಲ್ಲಿ ಹತ್ತನೆಯ ಒಂದು ಭಾಗ ಅಥವಾ ಹತ್ತು ಮಂದಿ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ಜನ ಇರಬೇಕೆಂದು ಸಂವಿಧಾನದ 189ನೆಯ ಅನುಚ್ಛೇದ ಹೇಳುತ್ತದೆ. 190ನೆಯ ಅನುಚ್ಛೇದದಂತೆ, ಅನುಮತಿಯಿಲ್ಲದೆ ಅರವತ್ತು ದಿನ ಎಲ್ಲ ಸಭೆಗಳಿಗೂ ಗೈರುಹಾಜರಾದವರ ಸ್ಥಾನವನ್ನು ಖಾಲಿಯೆಂದು ಸದನ ಘೋಷಿಸಬಹುದು. ಲೋಕಸಭೆಯ ನಿಯಮಗಳಲ್ಲಿ ಸಮಿತಿಗೆ ಕೋರಂ ಮೂರನೆಯ ಒಂದು ಭಾಗ. ಎರಡು ಅಥವಾ ಹೆಚ್ಚು ಸಭೆಗಳಿಗೆ ಸತತವಾಗಿ, ಅಧ್ಯಕ್ಷರ ಅನುಮತಿಯಿಲ್ಲದೆ ಬಾರದ ಸದಸ್ಯರನ್ನು ಸಮಿತಿಯಿಂದ ಬಿಡುಗಡೆ ಮಾಡಲು ಸದನದಲ್ಲಿ ಸೂಚನೆ ತರಬಹುದು.

ಇನ್ನೊಂದು ಸ್ವಾರಸ್ಯದ ನಿಯಮವಿದೆ. ಸಮಿತಿಯ ಸಭೆಯ ದಿನ ಮತ್ತು ಹೊತ್ತನ್ನು ಗೊತ್ತುಮಾಡುವವರು ಅದರ ಅಧ್ಯಕ್ಷರು. ಸದನ ನಡೆಯುತ್ತಿರುವಾಗಲೂ ಸಮಿತಿ ಕೂಡಬಹುದು. ಆದರೆ ಸದನದಲ್ಲಿ ಮತವಿಭಜನೆಯ ಕರೆ ಬಂದರೆ ಅಧ್ಯಕ್ಷರು ಸಮಿತಿಯ ಕೆಲಸವನ್ನು ನಿಲ್ಲಿಸಿ, ಸದಸ್ಯರು ಹೋಗಿ ಮತ ಹಾಕಿ ಬರುವಷ್ಟು ಸಮಯ ಕೊಡಬೇಕು. ಒಬ್ಬ ಸದಸ್ಯನ ಎರಡು ಕರ್ತವ್ಯಗಳು ಎದುರುಬದುರಾದಾಗ ಯಾವುದು ಮೊದಲು ಎಂಬುದನ್ನು ಈ ನಿಯಮ ಸ್ಪಷ್ಟಪಡಿಸುತ್ತದೆ.

ನಿಯಮದಿಂದ ಹಾಜರಿ ಹೆಚ್ಚಬಹುದು, ಆದರೆ ದಿನ ಹೆಚ್ಚುವುದಿಲ್ಲ. ಸಮಯವನ್ನೇ ಬಿಡಿಸಿಕೊಡುವ ಉಪಾಯವೊಂದನ್ನು ನಮ್ಮ ಸಂಸತ್ತು ಕಂಡುಕೊಂಡಿತು. 1989ರಲ್ಲಿ ಮೂರು ವಿಷಯ ಸಮಿತಿಗಳಿಂದ ಆರಂಭವಾದ ಪ್ರಯೋಗ 1993ರಲ್ಲಿ 17 ಇಲಾಖಾವಾರು ಸ್ಥಾಯೀ ಸಮಿತಿಗಳಾಗಿ ಬೆಳೆಯಿತು. 2004ರಲ್ಲಿ ಅವು 24 ಆದವು. ಪ್ರತಿ ಸಮಿತಿಯಲ್ಲಿ ಲೋಕಸಭೆಯ 21 ಮತ್ತು ರಾಜ್ಯಸಭೆಯ 10, ಒಟ್ಟು 31 ಸದಸ್ಯರು. ಆಯವ್ಯಯದ ಸಾಮಾನ್ಯ ಚರ್ಚೆ ಮುಗಿದ ಮೇಲೆ ಸದನಗಳು ಕೆಲವು ವಾರ ಬಿಡುವು ಪಡೆಯುತ್ತವೆ. ಆ ಬಿಡುವು ಸಮಿತಿಗಳು ಕುಳಿತು ಇಲಾಖೆಗಳ ಬೇಡಿಕೆಗಳನ್ನು ಪರೀಕ್ಷಿಸುವುದಕ್ಕೆಂದೇ ಮೀಸಲು. ಸದನಕ್ಕೂ ಸಮಿತಿಗೂ ಜಗಳವಾಗದಂತೆ ಪಂಚಾಂಗದಲ್ಲಿಯೇ ಜಾಗ ಮಾಡಿಕೊಟ್ಟ ಏರ್ಪಾಡು ಇದು. 1917ರ ಜೂನ್ ಅಧಿವೇಶನದ ಹಿಂದಿದ್ದ ವಿಚಾರವೂ ಇದೇ ಜಾತಿಯದಲ್ಲವೇ?

ದೂರವನ್ನು ಯಂತ್ರದಿಂದ ಗೆಲ್ಲಬಹುದೆಂಬ ವಾದವೂ ಇದೆ. 2020ರ ಸಾಂಕ್ರಾಮಿಕದ ಕಾಲದಲ್ಲಿ ಬ್ರಿಟನ್ನಿನ ಕಾಮನ್ಸ್ ಸಭೆ ಕೆಲವರು ಸದನದಲ್ಲಿ, ಉಳಿದವರು ಪರದೆಯ ಮೂಲಕ ಭಾಗವಹಿಸುವ ಕ್ರಮವನ್ನು ಅಳವಡಿಸಿಕೊಂಡಿತು. ನಮ್ಮ ಸಂಸತ್ತಿನ ಕೆಲವು ಸಮಿತಿಗಳ ಅಧ್ಯಕ್ಷರೂ ಅಂಥ ಅವಕಾಶ ಕೇಳಿದ್ದರು. ಸಮಿತಿಯ ಕಲಾಪ ಗೋಪ್ಯವಾಗಿರಬೇಕೆಂಬ ನಿಯಮ ಅಡ್ಡ ಬಂದು ಅದು ದೊರೆಯಲಿಲ್ಲ. ಮುಚ್ಚಿದ ಕೋಣೆಯಲ್ಲಿ ಅಧಿಕಾರಿ ಬಿಚ್ಚುಮನಸ್ಸಿನಿಂದ ಮಾತನಾಡುತ್ತಾನೆ, ಪಕ್ಷಭೇದ ಮರೆತು ಸದಸ್ಯರು ಪ್ರಶ್ನಿಸುತ್ತಾರೆ ಎಂಬುದು ಈ ಗೋಪ್ಯತೆಯ ಪರವಾಗಿರುವ ವಾದ. ಅದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ.

ಅರವತ್ತು ದಿನದ ಮಾತು

ಕರ್ನಾಟಕವೂ ಸಮಯದ ಪ್ರಶ್ನೆಗೆ ಕಾನೂನಿನಿಂದ ಉತ್ತರ ಹುಡುಕಿತು. ಎರಡು ಅಧಿವೇಶನಗಳ ನಡುವೆ ಆರು ತಿಂಗಳು ಮೀರಬಾರದು ಎಂದಷ್ಟೇ ಸಂವಿಧಾನ ಹೇಳುತ್ತದೆ. ಆದರೆ 2005ರಲ್ಲಿ ನಮ್ಮ ವಿಧಾನಮಂಡಲ ವರ್ಷಕ್ಕೆ ನಾಲ್ಕು ಅಧಿವೇಶನ, ಕನಿಷ್ಠ 60 ದಿನ ಕಲಾಪ ನಡೆಯಬೇಕೆಂದು ಶಾಸನ ಮಾಡಿತು. ತನ್ನನ್ನು ತಾನೇ ಕಟ್ಟಿಕೊಂಡ ಒಳ್ಳೆಯ ಕಟ್ಟು ಅದು. ಆದರೆ ಬಹುಪಾಲು ವರ್ಷಗಳಲ್ಲಿ ಅರವತ್ತರ ಗುರಿ ಮುಟ್ಟಿಲ್ಲ.

2006ರಲ್ಲಿ ಮೊದಲ ಬಾರಿಗೆ ಬೆಳಗಾವಿಯಲ್ಲಿ ಅಧಿವೇಶನ ನಡೆಯಿತು. 2012ರ ಅಕ್ಟೋಬರ್ 11ರಂದು ಅಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಯಾಯಿತು. ಉತ್ತರ ಕರ್ನಾಟಕದವರು ವರ್ಷವಿಡೀ ಬೆಂಗಳೂರಿಗೆ ಬರುವಾಗ ಉಳಿದವರು ಒಮ್ಮೆ ಅತ್ತ ಹೋಗುವುದು ನ್ಯಾಯವೇ. ಆದರೆ ಚಳಿಗಾಲದ ಅಧಿವೇಶನ ಬರುವ ಡಿಸೆಂಬರಿನಲ್ಲಿ ಹಾಸನದ ಹೊಲಗಳಲ್ಲಿ ರಾಗಿ ಕೊಯ್ಲಿನ ಕೆಲಸವಿರುತ್ತದೆ, ಸಕಲೇಶಪುರದ ಕಡೆ ಕಾಫಿ ಹಣ್ಣು ಬಿಡಿಸುತ್ತಾರೆ. ಸುಮಾರು 400 ಕಿಲೋಮೀಟರ್ ದೂರ ಹೋದ ಶಾಸಕರು ಆಗ ಊರಿನವರ ಕೈಗೆ ಸಿಗುವುದಿಲ್ಲ. 2017ರಲ್ಲಿ ಹಾಸನದಿಂದ ಬೆಂಗಳೂರಿಗೆ ಶ್ರವಣಬೆಳಗೊಳದ ಮಾರ್ಗವಾಗಿ ನೇರ ರೈಲು ಆರಂಭವಾಗಿ ಒಂದು ದಾರಿ ಹತ್ತಿರವಾಯಿತು. ಎಲ್ಲ ದಾರಿಯೂ ಹಾಗೆ ಹತ್ತಿರವಾಗುವುದಿಲ್ಲ.

ಸ್ವಲ್ಪ ಲೆಕ್ಕ ಹಾಕಿ ನೋಡೋಣ. ವಾರಕ್ಕೆ ಐದು ದಿನದಂತೆ ಅರವತ್ತು ದಿನವೆಂದರೆ ಹನ್ನೆರಡು ವಾರ. ವರ್ಷದಲ್ಲಿ ಇನ್ನೂ ನಲವತ್ತು ವಾರ ಉಳಿಯುತ್ತವೆ. ಅವುಗಳಲ್ಲಿ ವಾರಕ್ಕೆ ಎರಡು ದಿನ ಸಮಿತಿಗಳಿಗೆ ಎಂದು ರಾಜ್ಯಕ್ಕೆಲ್ಲ ಒಂದೇ ಬಗೆಯಲ್ಲಿ ಗೊತ್ತುಮಾಡಿ, ಆ ಎರಡು ದಿನ ಯಾವ ತಾಲ್ಲೂಕಿನಲ್ಲಿಯೂ ಕೆ.ಡಿ.ಪಿ., ಬಗರ್‌ಹುಕುಂ ಸಭೆ ಇಡಬಾರದೆಂದು ನಿಶ್ಚಯಿಸಿದರೆ ಎಂಬತ್ತು ದಿನ ಸಮಿತಿಗೆ ದೊರೆಯುತ್ತದೆ. ಆಮೇಲೂ ಕ್ಷೇತ್ರಕ್ಕೆ ವಾರದಲ್ಲಿ ಐದು ದಿನ ಉಳಿಯುತ್ತದೆ. ಸಮಯವೇ ಇಲ್ಲವೆಂಬುದು ಪೂರ್ತಿ ನಿಜವಲ್ಲ. ವಿಧಾನಸೌಧದ ಪಂಚಾಂಗವೂ ತಾಲ್ಲೂಕು ಕಚೇರಿಯ ಪಂಚಾಂಗವೂ ಒಂದನ್ನೊಂದು ನೋಡುವುದಿಲ್ಲವೆಂಬುದು ನಿಜ. 1881ರ ಏರ್ಪಾಡಿನಿಂದ ನಾವು ಕಲಿಯಬಹುದಾದ ಪಾಠ ಇದೇ. ಬರಬೇಕಾದವರು ಆ ದಿನ ಎಲ್ಲಿರುತ್ತಾರೆ ಎಂದು ಮೊದಲು ಕೇಳಿ, ಆಮೇಲೆ ದಿನ ಗೊತ್ತುಮಾಡಬೇಕು.

ನೀವು ಮಾಡಬಹುದಾದದ್ದು

ಈ ಕಥೆಯಲ್ಲಿ ನಮ್ಮ ಪಾಲೂ ಇದೆ. ಶಾಸಕರು ಮದುವೆಗೆ ಬರಲಿಲ್ಲವೆಂದು ಮುನಿಸಿಕೊಳ್ಳುವ ನಾವು, ಅವರು ಸಮಿತಿಗೆ ಹೋಗಲಿಲ್ಲವೆಂದು ಎಂದಾದರೂ ಕೇಳಿದ್ದೇವೆಯೇ? ಕೇಳದ ಕೆಲಸವನ್ನು ಯಾರೂ ಮೊದಲು ಮಾಡುವುದಿಲ್ಲ.

ನಿಮ್ಮ ಶಾಲೆ ಅಥವಾ ಕಾಲೇಜಿನ ಇತಿಹಾಸ ಸಂಘದಲ್ಲಿ ಹೀಗೊಂದು ಕೆಲಸ ಮಾಡಿ ನೋಡಿ. ಗೋಡೆಯ ಕ್ಯಾಲೆಂಡರ್ ಒಂದನ್ನು ತೆಗೆದುಕೊಳ್ಳಿ. ಹೋದ ವರ್ಷ ವಿಧಾನಮಂಡಲ ಸೇರಿದ ದಿನಗಳನ್ನು ಪತ್ರಿಕೆಗಳಿಂದ ಹುಡುಕಿ ಕೆಂಪು ಶಾಯಿಯಲ್ಲಿ ಗುರುತಿಸಿ. ನಿಮ್ಮ ತಾಲ್ಲೂಕಿನ ಕೆ.ಡಿ.ಪಿ. ಸಭೆಯ ದಿನಗಳನ್ನು ನೀಲಿಯಲ್ಲಿ ಬರೆಯಿರಿ. ಊರಿನ ಜಾತ್ರೆ, ಬಿತ್ತನೆ, ಕೊಯ್ಲುಗಳನ್ನು ಹಸಿರಿನಲ್ಲಿ ತುಂಬಿ. ನಿಮ್ಮ ಶಾಸಕರು ಯಾವ ಸಮಿತಿಯಲ್ಲಿದ್ದಾರೆಂದು ತಿಳಿದುಕೊಳ್ಳಿ. ಅವರು ಊರಿಗೆ ಬಂದಾಗ ರಸ್ತೆ, ಚರಂಡಿಯ ಅರ್ಜಿಯ ಜೊತೆಗೆ ಒಂದು ಪ್ರಶ್ನೆಯನ್ನೂ ಗೌರವದಿಂದ ಕೇಳಿ: “ಸಾರ್, ನಿಮ್ಮ ಸಮಿತಿ ಈ ವರ್ಷ ಎಷ್ಟು ಸಲ ಸೇರಿತು? ನೀವು ಎಷ್ಟು ಸಲ ಹೋಗಿದ್ದಿರಿ?”

ಈ ಪ್ರಶ್ನೆಯನ್ನು ಹತ್ತು ಊರುಗಳಲ್ಲಿ ಹತ್ತು ವಿದ್ಯಾರ್ಥಿಗಳು ಕೇಳಿದರೆ ಸಮಿತಿಗೆ ಹೋಗುವುದೂ ಕ್ಷೇತ್ರದ ಕೆಲಸವೇ ಎಂದು ಶಾಸಕರಿಗೆ ಅನ್ನಿಸತೊಡಗುತ್ತದೆ. ನಾಲ್ಕು ದಿನ ಗಾಡಿಯಲ್ಲಿ ಪ್ರಯಾಣ ಮಾಡಿ ಮೈಸೂರಿನ ಸಭೆಗೆ ಹೋಗುತ್ತಿದ್ದ ಕಾಲದಿಂದ ನಾವು ಬಹು ದೂರ ಬಂದಿದ್ದೇವೆ. ಸಭೆಗೆ ಹೋಗುವುದು ಅಂದು ಎಷ್ಟು ಮುಖ್ಯವಾಗಿತ್ತೋ ಇಂದೂ ಅಷ್ಟೇ ಮುಖ್ಯ.